ಹತ್ತೊಂಬತ್ತು ಸೋಲಿನ ಸೀಸನ್

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಸೋಲಿಗೂ ದಾಖಲೆ ಇದೆ. ಟೆಕ್ಸಾಸ್‌ನ ಪ್ರೇರಿ ವ್ಯೂ ಎ ಅಂಡ್ ಎಂ ತಂಡ 1989ರಿಂದ 1998ರವರೆಗೆ ಸತತ 80 ಪಂದ್ಯ ಸೋತು, ಕೊನೆಗೆ ಲ್ಯಾಂಗ್‌ಸ್ಟನ್ ವಿರುದ್ಧ 14-12ರಿಂದ ಗೆದ್ದಿತು. ಅಷ್ಟು ಸೋತರೂ ಆ ಹುಡುಗರಿಗೆ ತಮ್ಮದೇ ಮೈದಾನ, ತಮ್ಮದೇ ಕಾಲೇಜಿನ ಜನ ಇದ್ದರು. 2024ರ ಪ್ರೊ ಕಬಡ್ಡಿಯಲ್ಲಿ ನಮ್ಮ ಬೆಂಗಳೂರು ಬುಲ್ಸ್‌ಗೆ ಅದೂ ಇರಲಿಲ್ಲ. ಲೀಗ್ ನಡೆದದ್ದು ಹೈದರಾಬಾದ್, ನೋಯ್ಡಾ, ಪುಣೆಯಲ್ಲಿ. ಬೆಂಗಳೂರಿನಲ್ಲಿ ಒಂದು ಪಂದ್ಯವೂ ಇಲ್ಲ.

22 ಪಂದ್ಯ, 2 ಗೆಲುವು, 1 ಟೈ, 19 ಸೋಲು. ಹನ್ನೆರಡು ತಂಡಗಳಲ್ಲಿ ಕೊನೆಯ ಸ್ಥಾನ. ಒಟ್ಟು ಅಂಕವೂ 19. 2024ರಲ್ಲಿ ಗೆದ್ದರೆ 5, ಟೈ ಆದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೆ 1 ಅಂಕ ಸಿಗುತ್ತಿತ್ತು. ಲೆಕ್ಕ ಹಾಕಿ ನೋಡಿದರೆ ಆರು ಸೋಲು ಮಾತ್ರ ಹತ್ತಿರದವು, ಉಳಿದ ಹದಿಮೂರು ದೊಡ್ಡ ಅಂತರದವು.

ನಾಯಕ ಪರ್ದೀಪ್ ನರ್ವಾಲ್, ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ರೇಡ್ ಅಂಕ ಗಳಿಸಿದ ಆಟಗಾರ. ಆದರೆ ಹಳೆಯ ವೇಗ ಉಳಿದಿರಲಿಲ್ಲ. ಕಬಡ್ಡಿಯಲ್ಲಿ ರೇಡರ್ ಸಿಕ್ಕಿಬಿದ್ದರೆ ಒಂದು ಅಂಕ ಹೋಗುವುದಷ್ಟೇ ಅಲ್ಲ, ಜೊತೆಗಾರರು ಅಂಕ ತಂದು ಎಬ್ಬಿಸುವವರೆಗೆ ಅವನು ಹೊರಗೆ ಕೂರಬೇಕು. ತರುವವರೇ ಇಲ್ಲದಿದ್ದರೆ ಆಲೌಟ್, ಎದುರಾಳಿಗೆ ಇನ್ನೆರಡು ಅಂಕ. ಒಂದು ಸಲ ಜಾರಿದರೆ ಜಾರುತ್ತಲೇ ಹೋಗುವ ಆಟ ಇದು. ಮೊದಲ ಪಂದ್ಯದಲ್ಲೇ ತೆಲುಗು ಟೈಟನ್ಸ್ ಎದುರು 29-37ರ ಸೋಲು. ಟೈಟನ್ಸ್ ನಾಯಕ ಯಾರು? ಪವನ್ ಸೆಹ್ರಾವತ್. 2019ರ ಜನವರಿಯ ಫೈನಲ್‌ನಲ್ಲಿ 22 ಅಂಕ ತಂದು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟವನೇ!

ಡಿಸೆಂಬರಿನಲ್ಲಿ ಲೀಗ್ ಪುಣೆಯ ಬಾಲೆವಾಡಿಗೆ ಬಂತು. ದೌಂಡದಿಂದ ಪುಣೆ ಸ್ಟೇಷನ್‌ಗೆ ರೈಲಿನಲ್ಲಿ ಸುಮಾರು 75 ಕಿ.ಮೀ., ಅಲ್ಲಿಂದ ಬಾಲೆವಾಡಿಗೆ ಊರು ದಾಟಬೇಕು. ರಾತ್ರಿ ಪಂದ್ಯ ಮುಗಿಸಿ ಮನೆ ಸೇರುವಾಗ ನಡುರಾತ್ರಿ. "ಸೋಲೋದು ನೋಡೋಕೆ ಇಷ್ಟು ದೂರನಾ?" ಅಂತ ಮನೆಯಲ್ಲಿ ಕೇಳಿದರು. ಹೌದು, ಅದಕ್ಕೇ. ಉದ್ಯಾನ್ ಎಕ್ಸ್‌ಪ್ರೆಸ್ ದೌಂಡದಲ್ಲಿ ನಿಂತಾಗ ಕಿವಿಗೆ ಬೀಳುವ ನಾಲ್ಕು ಕನ್ನಡ ಮಾತು ಬಿಟ್ಟರೆ, ಊರಿನ ಹೆಸರನ್ನು ಗಟ್ಟಿಯಾಗಿ ಕೂಗುವ ಅವಕಾಶ ನಮ್ಮಂಥವರಿಗೆ ಇಲ್ಲಿ ಎಷ್ಟು ಸಲ ಸಿಗುತ್ತದೆ? ಗೆಲ್ಲುವ ತಂಡಕ್ಕೆ ಕೂಗುವವರು ಎಲ್ಲೆಡೆ ಇರುತ್ತಾರೆ.

ಆಫೀಸಿನ ಮರಾಠಿ ಗೆಳೆಯರು ಕಾಲೆಳೆಯುತ್ತಿದ್ದರು. ನನ್ನ ಬಳಿಯೂ ಉತ್ತರವಿತ್ತು. ಹಿಂದಿನ ಸೀಸನ್ನಿನಲ್ಲಿ ಪುಣೇರಿ ಪಲ್ಟನ್‌ಗೆ ಮೊದಲ ಕಪ್ ಗೆಲ್ಲಿಸಿದ ಕೋಚ್ ಬಿ.ಸಿ. ರಮೇಶ್ ನಮ್ಮವರು, ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ. ಮೇಲಾಗಿ ಈ ಸಲ ಚಾಂಪಿಯನ್ ಪಲ್ಟನ್ ಕೂಡ ಪ್ಲೇ-ಆಫ್ ತಲುಪಲಿಲ್ಲ.

ಮುಂದಿನ ಸೀಸನ್‌ಗೆ ಬುಲ್ಸ್ ಅದೇ ರಮೇಶರನ್ನು ಕರೆತಂದಿತು. 2025ರಲ್ಲಿ ತಂಡ ಪ್ಲೇ-ಆಫ್ ಮುಟ್ಟಿತು. ಕಪ್ ಬರಲಿಲ್ಲ, ನಿಜ. ಆದರೆ ಹತ್ತೊಂಬತ್ತು ಸೋಲು ನೋಡಿದ ಕಣ್ಣಿಗೆ ಪಟ್ಟಿಯ ಮೇಲಿನ ಅರ್ಧದಲ್ಲಿ "ಬೆಂಗಳೂರು" ಅಂತ ಕಂಡದ್ದೇ ಹಬ್ಬ.