ಮಾಡಿನ ಮೇಲೊಂದು ಜೀವ

ಮಳೆಗಾಲ ಸಮೀಪಿಸುತ್ತಿದ್ದಂತೆ ಕರಾವಳಿಯ ಮನೆಗಳಲ್ಲಿ ಹಂಚು ಕೈಯಾಡಿಸುವ ಕೆಲಸ ಆರಂಭವಾಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ತಲೆಮಾರುಗಳೇ ಈ ಮಾಡುಗಳಡಿ ಬಾಳಿವೆ. ಒಡೆದ ಹಂಚುಗಳ ಲೆಕ್ಕವಿಡುವ ನಾವು, ಮೇಲೇರುವ ಕೆಲಸಗಾರನ ಕ್ಷೇಮವನ್ನು ವಿಚಾರಿಸುತ್ತೇವೆಯೇ?

ಗೆದ್ದಲು ತಿಂದ ಪಕ್ಕಾಸು, ಕುಂಬಾದ ರೀಪು, ಪಾಚಿಗಟ್ಟಿದ ಹಂಚು, ಮಾಡಿನ ಸಮೀಪದ ವಿದ್ಯುತ್ ತಂತಿ - ಇವನ್ನೆಲ್ಲ ಬಲ್ಲವರು ಮನೆಯವರೇ. ಅವುಗಳನ್ನು ಮೊದಲೇ ತಿಳಿಸುವುದು, ಗಟ್ಟಿಯಾದ ಏಣಿಯನ್ನೂ ಹಗ್ಗವನ್ನೂ ಒದಗಿಸುವುದು ನಮ್ಮ ಹೊಣೆ. ಮಳೆ ಹನಿದೊಡನೆ ಕೆಲಸ ನಿಲ್ಲಿಸಿ, ದಿನದ ಮಜೂರಿಯನ್ನು ಪೂರ್ತಿಯಾಗಿ ಕೊಡಬೇಕು. ಮಜೂರಿ ಕಳೆದುಕೊಳ್ಳುವ ಭಯವೇ ಬಡವನನ್ನು ಒದ್ದೆ ಹಂಚಿನ ಮೇಲೆ ನಿಲ್ಲಿಸುತ್ತದೆ.

ಒಟ್ಟು ವೆಚ್ಚ 10 ಲಕ್ಷ ರೂಪಾಯಿ ಮೀರದ ಸ್ವಂತ ವಾಸದ ಮನೆಯ ಕೆಲಸವನ್ನು 1996ರ ಕಟ್ಟಡ ಕಾರ್ಮಿಕರ ಕಾಯಿದೆಯು ತನ್ನ ವ್ಯಾಪ್ತಿಗೆ ಸೇರಿಸಿರಲಿಲ್ಲ. ದೇವರ ಕಟ್ಟಳೆಯಾದರೋ ಯಾವ ಮನೆಯನ್ನೂ ಬಿಟ್ಟಿಲ್ಲ. ಹೊಸ ಮನೆ ಕಟ್ಟಿದವನು ಮಾಳಿಗೆಯ ಸುತ್ತ ಕೈಪಿಡಿಗೋಡೆ ಕಟ್ಟದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಅಪರಾಧ ಮನೆಗೇ ತಟ್ಟುವುದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ಎಚ್ಚರಿಸುತ್ತದೆ.

ಈ ಸಲ ಅವನು ಇಳಿದು ಬರುವ ತನಕ ಏಣಿಯ ಬುಡ ಹಿಡಿದು ನಿಲ್ಲಲು ನಮ್ಮಲ್ಲೊಬ್ಬರಿರಲಿ. ಸಂಜೆ ಅವನ ಹಾದಿಯನ್ನೂ ಒಂದು ಕುಟುಂಬ ಕಾಯುತ್ತಿರುತ್ತದೆ.