ಎದುರಾಳಿಯ ಗ್ರಂಥಸಂಪಾದನೆ

ಪಂಪನನ್ನೋ ರನ್ನನನ್ನೋ ಸಂಪಾದಿಸಲು ಕೂತ ವಿದ್ವಾಂಸ ಕವಿಯ ಪರವಾಗಿ ದುಡಿಯುತ್ತಾನೆ. ಸವೆದ ಓಲೆಯಿಂದ ಅಕ್ಷರ ಬಿಡಿಸುತ್ತಾನೆ, ಪಾಠಾಂತರಗಳನ್ನು ತೂಗುತ್ತಾನೆ, ಕಷ್ಟದ ಪದಗಳಿಗೆ ಅರ್ಥ ಕೊಡುತ್ತಾನೆ. ಆದರೆ ಲೇಖಕನ ಒಂದು ಮಾತನ್ನೂ ನಂಬದೆ, ಅವನ ಒಂದು ಅಲ್ಪವಿರಾಮವನ್ನೂ ಕದಲಿಸದೆ ಗ್ರಂಥ ಸಂಪಾದಿಸಬೇಕಾದರೆ? ಮ್ಯೂನಿಕ್‌ನ ಸಮಕಾಲೀನ ಇತಿಹಾಸ ಸಂಸ್ಥೆ ಹಿಟ್ಲರನ ‘ಮೈನ್ ಕಾಂಫ್’ ಅನ್ನು ಮರುಮುದ್ರಿಸಿದ್ದು ಹೀಗೆ.

1925 ಮತ್ತು 1926ರಲ್ಲಿ ಎರಡು ಸಂಪುಟಗಳಾಗಿ ಬಂದ ಈ ಪುಸ್ತಕ 1945ರ ಹೊತ್ತಿಗೆ ಒಂದು ಕೋಟಿಗೂ ಹೆಚ್ಚು ಪ್ರತಿ ಕಂಡಿತ್ತು. ಯುದ್ಧದ ನಂತರ ಅದರ ಹಕ್ಕು ಬವೇರಿಯಾ ರಾಜ್ಯದ ಕೈಸೇರಿತು. ಮರುಮುದ್ರಣಕ್ಕೆ ಆ ಸರ್ಕಾರ ಅನುಮತಿ ಕೊಡಲಿಲ್ಲ. ಲೇಖಕ ಸತ್ತು 70 ವರ್ಷ ತುಂಬಿ, 2015ರ ಕೊನೆಗೆ ಹಕ್ಕುಸ್ವಾಮ್ಯ ಮುಗಿಯಿತು. ಇನ್ನು ಬೇರೆ ಯಾರಾದರೂ ಅಚ್ಚು ಹಾಕುವ ಮೊದಲೇ ಇತಿಹಾಸಕಾರರ ಪ್ರತಿ ಸಿದ್ಧವಾಗಿರಬೇಕೆಂದು ಕ್ರಿಸ್ಟಿಯನ್ ಹಾರ್ಟ್‌ಮನ್ ಮತ್ತು ಜೊತೆಗಾರರು ವರ್ಷಗಟ್ಟಲೆ ದುಡಿದಿದ್ದರು. ನೆರವಿನ ಮಾತು ಕೊಟ್ಟಿದ್ದ ಬವೇರಿಯಾ ಸರ್ಕಾರ 2013ರಲ್ಲಿ ಹಿಂದೆ ಸರಿಯಿತು. ಸಂಸ್ಥೆ ಕೆಲಸ ನಿಲ್ಲಿಸದೆ, 2016ರ ಜನವರಿಯಲ್ಲಿ ತಾನೇ ಪ್ರಕಟಿಸಿತು: ಎರಡು ದಪ್ಪ ಸಂಪುಟ, ಸುಮಾರು 2,000 ಪುಟ, 3,500ಕ್ಕೂ ಹೆಚ್ಚು ಟಿಪ್ಪಣಿ, ಬೆಲೆ 59 ಯೂರೋ. ರಕ್ಷಾಪುಟದಲ್ಲಿ ಚಿತ್ರವಿಲ್ಲ; ಬರಿಯ ಬೂದು ಬಣ್ಣದ ಬಟ್ಟೆಯ ರಟ್ಟು.

ಇದರ ಕಸುಬುಗಾರಿಕೆ ಮೊದಲು ಕಾಣುವುದು ಪುಟದ ಜೋಡಣೆಯಲ್ಲಿ. ಮೂಲ ಪಠ್ಯ ಬಲಪುಟದಲ್ಲಿ ಮಾತ್ರ ಇದೆ. ಎಡಪುಟದಲ್ಲಿ ಟಿಪ್ಪಣಿ, ಅಲ್ಲಿ ಜಾಗ ಸಾಲದಿದ್ದರೆ ಅದು ಬಲಪುಟಕ್ಕೂ ಹರಿದು ಮೂಲವನ್ನು ಬಳಸಿ ನಿಲ್ಲುತ್ತದೆ. ಟಿಪ್ಪಣಿಯನ್ನು ಪುಸ್ತಕದ ಕೊನೆಗೆ ತಳ್ಳಿದ್ದರೆ ಓದುಗ ಹಾರಿಸಿಬಿಡುತ್ತಿದ್ದ. ಇಲ್ಲಿ ಹಿಟ್ಲರ್ ಒಂಟಿಯಾಗಿ ಮಾತಾಡುವ ಪುಟವೇ ಸಿಗುವುದಿಲ್ಲ. ನ್ಯಾಯಾಲಯದ ಪಾಟೀಸವಾಲಿನ ಹಾಗೆ, ಸಾಕ್ಷಿಯ ಹೇಳಿಕೆ ಪೂರ್ತಿ ದಾಖಲಾಗುತ್ತದೆ, ಪ್ರಶ್ನೆಯೂ ಅಲ್ಲೇ ಏಳುತ್ತದೆ.

ಪ್ರಶ್ನೆಗಳು ನಾಲ್ಕು ಬಗೆಯವು. ಮೊದಲನೆಯದು: ಮಾತು ನಿಜವೇ? ವಿಯೆನ್ನಾದಲ್ಲಿದ್ದಾಗಲೇ ತಾನು ಯಹೂದಿದ್ವೇಷಿಯಾದೆ ಎಂದು ಹಿಟ್ಲರ್ ಬರೆದುಕೊಂಡ. ಅಲ್ಲಿ ಅವನ ಚಿತ್ರಗಳನ್ನು ಕೊಳ್ಳುತ್ತಿದ್ದವರಲ್ಲಿ ಸ್ಯಾಮುಯೆಲ್ ಮಾರ್ಗೆನ್‌ಸ್ಟರ್ನ್‌ನಂಥ ಯಹೂದಿ ವ್ಯಾಪಾರಿಗಳೂ ಇದ್ದರೆಂಬುದು ಇತಿಹಾಸಕಾರರಿಗೆ ತಿಳಿದ ಸಂಗತಿ.

ಎರಡನೆಯದು: ವಿಚಾರ ಎಲ್ಲಿಂದ ಬಂತು? ‘ಜನ ಮತ್ತು ಜನಾಂಗ’ ಎಂಬ ಅಧ್ಯಾಯದಲ್ಲಿ ಅವನದೇ ಎನ್ನಬಹುದಾದದ್ದು ಅಲ್ಪ. ಹ್ಯೂಸ್ಟನ್ ಸ್ಟುವರ್ಟ್ ಚೇಂಬರ್ಲೇನ್, ಹಾನ್ಸ್ ಗುಂಥರ್ ಮುಂತಾದವರಿಂದ ಬಂದ ಸರಕೇ ಹೆಚ್ಚು. ಪ್ರಾಣಿಗಳು ತಮ್ಮ ತಮ್ಮ ಜಾತಿಯೊಳಗೇ ಕೂಡುತ್ತವೆ, ಆದ್ದರಿಂದ ಜನಾಂಗಗಳು ಬೆರೆಯಬಾರದು ಎಂಬ ವಾದದ ಬುಡವೇ ತಪ್ಪು: ಮನುಷ್ಯರೆಲ್ಲ ಒಂದೇ ಜೀವಜಾತಿ. ಯಹೂದಿಗಳು ಲೋಕವನ್ನಾಳಲು ಸಂಚು ಹೂಡಿದ್ದಾರೆ ಎಂದು ಆರೋಪಿಸುವ ‘ಜಿಯಾನ್ ಹಿರಿಯರ ಪ್ರೋಟೋಕಾಲ್‌ಗಳು’ ಕೃತಿಚೌರ್ಯದ ನಕಲಿ ದಾಖಲೆ ಎಂದು ಲಂಡನ್ನಿನ ‘ದಿ ಟೈಮ್ಸ್’ 1921ರಲ್ಲೇ ಬಯಲಿಗೆಳೆದಿತ್ತು. ಹಿಟ್ಲರ್ ಆಮೇಲೂ ಅದನ್ನೇ ಹಿಡಿದುಕೊಂಡ.

ಮೂರನೆಯದು: ಮುಂದೇನಾಯಿತು? ‘ಅಯೋಗ್ಯ’ರು ಮಕ್ಕಳನ್ನು ಹೆರಬಾರದೆಂಬ ಮಾತು 1933ರಲ್ಲಿ ಕಾನೂನಾಗಿ, ಸುಮಾರು 4 ಲಕ್ಷ ಜನರನ್ನು ಬಲವಂತದ ಸಂತಾನಹರಣಕ್ಕೆ ಗುರಿಮಾಡಿತು. ಪುಸ್ತಕದ ಸಾಲಿನಿಂದ ಆಸ್ಪತ್ರೆಯ ಮೇಜಿನವರೆಗಿನ ಈ ದಾರಿಯನ್ನು ತೋರಿಸುವ ಟಿಪ್ಪಣಿಯೇ ಸಂಪಾದಕರ ಬಹು ದೊಡ್ಡ ಕೊಡುಗೆ.

ನಾಲ್ಕನೆಯದು ಶುದ್ಧ ಗ್ರಂಥಸಂಪಾದನೆ. ಪಕ್ಷದ ನಾಯಕರನ್ನು ಚುನಾಯಿಸುವ ಮಾತು ಮೊದಲ ಆವೃತ್ತಿಯಲ್ಲಿತ್ತು. 1930ರ ಆವೃತ್ತಿಯಲ್ಲಿ ಆ ಜಾಗಕ್ಕೆ ನಾಯಕನ ಪ್ರಶ್ನಾತೀತ ಅಧಿಕಾರ ಬಂದು ಕೂತಿತು. ಒಂದು ಪಾಠಾಂತರ ಇಡೀ ಪಕ್ಷದ ಕಥೆ ಹೇಳುತ್ತದೆ.

ವಿರೋಧವೂ ಇತ್ತು. ಮ್ಯೂನಿಕ್ ಯಹೂದಿ ಸಮುದಾಯದ ಅಧ್ಯಕ್ಷೆ, ನಾಜಿಗಳ ಕಾಲದಲ್ಲಿ ಅಡಗಿ ಬದುಕುಳಿದ ಶಾರ್ಲೊಟ್ ಕ್ನೋಬ್ಲೊಕ್ ಈ ಮರುಮುದ್ರಣವೇ ಬೇಡ ಎಂದರು. ಅವರ ಆತಂಕ ಹಗುರವಾದದ್ದಲ್ಲ. ಎಷ್ಟು ಟಿಪ್ಪಣಿ ಕಟ್ಟಿದರೂ ನಡುವೆ ಇರುವುದು ಅದೇ ಪಠ್ಯ. ಮೊದಲ ಮುದ್ರಣ 4,000 ಪ್ರತಿಯಷ್ಟೇ. ವರ್ಷದೊಳಗೆ ಮಾರಾಟವಾದದ್ದು ಸುಮಾರು 85,000. 2021ರಲ್ಲಿ ಫ್ರಾನ್ಸಿನ ಫಾಯಾರ್ ಪ್ರಕಾಶನ ಫ್ರೆಂಚ್ ಆವೃತ್ತಿ ತಂದಾಗ ರಕ್ಷಾಪುಟದಲ್ಲಿ ಹಿಟ್ಲರನ ಹೆಸರನ್ನೇ ಹಾಕಲಿಲ್ಲ, ಲಾಭವನ್ನು ಆಷ್‌ವಿಟ್ಜ್-ಬಿರ್ಕೆನೌ ಪ್ರತಿಷ್ಠಾನಕ್ಕೆ ಮೀಸಲಿಟ್ಟಿತು.

ನಮ್ಮಲ್ಲಿ ಈ ಎಚ್ಚರ ಕಡಿಮೆ. ಭಾರತದ ಅಂಗಡಿಗಳಲ್ಲಿ ‘ಮೈನ್ ಕಾಂಫ್’ ಅಗ್ಗದ ಬೆಲೆಗೆ, ಟಿಪ್ಪಣಿಯಿಲ್ಲದೆ, ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಸಿಗುತ್ತದೆ. ಟಿಪ್ಪಣಿ ಬೇಕಾದ ಪುಸ್ತಕ ಅದೊಂದೇ ಅಲ್ಲ: ಮೂಗಿನ ಅಳತೆಯಿಂದ ಜನರನ್ನು ವಿಂಗಡಿಸುವ ವಿದ್ಯೆ ನಮ್ಮ ನೆಲದಲ್ಲೂ ನಡೆದಿತ್ತು. ಮದ್ರಾಸ್ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಕುರುಬರೂ ಬಡಗರೂ ಇದ್ದಾರೆ, ಅಳತೆಯ ಅಂಕಿಗಳೂ ಇವೆ. ಆಚಾರ-ವಿಚಾರಗಳ ಮಾಹಿತಿಗಾಗಿ ಅವು ಇಂದಿಗೂ ಬೇಕು, ಮರುಮುದ್ರಣವಾಗಿಯೂ ಇವೆ. ಇಂಥ ಪುಸ್ತಕಗಳನ್ನು ಮುಂದೆ ಅಚ್ಚು ಹಾಕುವ ಪ್ರಕಾಶಕರು ಹಳೆಯ ಪುಟಗಳ ಫೋಟೊ ತೆಗೆದು ಹೊಲಿದರೆ ಸಾಲದು. ಒಬ್ಬ ಇತಿಹಾಸಕಾರನನ್ನೂ ಒಬ್ಬ ತಳಿವಿಜ್ಞಾನಿಯನ್ನೂ ಕರೆದು, ಕನಿಷ್ಠ ಒಂದು ಮುನ್ನುಡಿಯನ್ನಾದರೂ ಬರೆಸಲಿ.