ಗುಂಪು ಮನೋಚಿಕಿತ್ಸೆ: ಚಿಕಿತ್ಸಕರ ರೀತಿಗಳ ಹೋಲಿಕೆ

ಬೋಧನಾಭ್ಯಾಸಕ್ಕೆಂದು ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಪ್ರೌಢಶಾಲೆಗಳಿಗೆ ಹೋಗುವ ನಾವು ಪರೀಕ್ಷಾ ಭಯ, ಮನೆಯ ತೊಂದರೆಗಳ ಬಗ್ಗೆ ಮಕ್ಕಳನ್ನು ದುಂಡಾಗಿ ಕೂರಿಸಿ ಮಾತನಾಡಿಸುವುದುಂಟು. ಅದು ಚಿಕಿತ್ಸೆಯಲ್ಲ, ನಿಜ. ಆದರೆ ಗುಂಪು ನಡೆಸುವವರು ಎಷ್ಟು ಮಾತಾಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ಪ್ರಶ್ನೆ ಎರಡೂ ಕಡೆ ಇದೆ.

ಗುಂಪು ಚಿಕಿತ್ಸೆ ಹುಟ್ಟಿದ್ದೇ ತರಗತಿಯ ರೂಪದಲ್ಲಿ. 1905ರಲ್ಲಿ ಬಾಸ್ಟನ್ನಿನ ವೈದ್ಯ ಜೋಸೆಫ್ ಪ್ರ್ಯಾಟ್ ಕ್ಷಯರೋಗಿಗಳನ್ನು ಒಟ್ಟಿಗೆ ಸೇರಿಸಿ ಪಾಠ ಹೇಳುತ್ತಿದ್ದರು. ಮುಂದೆ ಬಂದವರು ಈ ಮಾಸ್ತರಿಕೆಯನ್ನು ಬೇರೆ ಬೇರೆ ದಿಕ್ಕಿಗೆ ಒಯ್ದರು. ಗುಂಪಿನಲ್ಲಿ ಒಬ್ಬ, "ಮನ್ಯಾಗ ನನ್ನ ಮಾತು ಯಾರೂ ಕೇಳಂಗಿಲ್ರೀ" ಎಂದನೆನ್ನಿ. ಮೊರೆನೊ ಆದರೆ ಇನ್ನೊಬ್ಬನನ್ನು ಅಪ್ಪನಾಗಿ ನಿಲ್ಲಿಸಿ ಆ ಪ್ರಸಂಗವನ್ನೇ ಅಭಿನಯಿಸಲು ಹೇಳುತ್ತಾರೆ. ಕಾರ್ಲ್ ರೋಜರ್ಸ್ ತೀರ್ಪು ಕೊಡದೆ, ಆ ನೋವನ್ನು ತಾವು ಅರಿತಂತೆ ತಿರುಗಿ ಹೇಳುತ್ತಾರೆ. ಬಯಾನ್ ಉತ್ತರಿಸುವುದೇ ಇಲ್ಲ; ಎಲ್ಲರೂ ತನ್ನ ಬಾಯಿ ನೋಡುತ್ತಿರುವುದನ್ನು ಗುಂಪಿಗೆ ತೋರಿಸುತ್ತಾರೆ. ಯಾಲಮ್, "ಈ ಗುಂಪಿನಲ್ಲೂ ಹಾಗೇ ಅನಿಸುತ್ತದೆಯೇ?" ಎಂದು ಕೇಳುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಈ ಕೊನೆಯ ಪ್ರಶ್ನೆ.

ಯಾವ ಪಂಥ ಮೇಲು? ಸ್ಟ್ಯಾನ್‌ಫರ್ಡ್‌ನ ಸುಮಾರು 200 ವಿದ್ಯಾರ್ಥಿಗಳ ಗುಂಪುಗಳನ್ನು ಗಮನಿಸಿ ಲೀಬರ್‌ಮನ್, ಯಾಲಮ್, ಮೈಲ್ಸ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ಆ ಪ್ರಶ್ನೆಯನ್ನೇ ಬದಲಿಸಿತು. ಒಂದೇ ಪಂಥದ ನಾಯಕರೂ ಒಂದೇ ರೀತಿ ನಡೆದುಕೊಳ್ಳಲಿಲ್ಲ. ಪ್ರೀತಿ ತೋರಿ, ನಡೆದದ್ದರ ಅರ್ಥ ಬಿಡಿಸಿ ಹೇಳಿದವರ ಗುಂಪುಗಳು ಚೆನ್ನಾಗಿ ನಡೆದವು. ಭಾವನೆ ಕೆದಕುವುದು, ನಿಯಮ ಹೇರುವುದು ಹದವಾಗಿದ್ದಾಗಲೇ ಫಲಕೊಟ್ಟವು. ಆಕ್ರಮಣಕಾರಿಯಾಗಿ ಕೆದಕುವವರ ಗುಂಪುಗಳಲ್ಲಿ ಹಾನಿಗೊಂಡವರು ಹೆಚ್ಚು.

ನಮ್ಮ ನಾಡಿನಲ್ಲೂ ಈ ಭೇದ ಕಾಣುತ್ತದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರದಲ್ಲಿ ದಿನಚರಿ, ಉಪನ್ಯಾಸ ಎಲ್ಲವೂ ನಡೆಸುವವರ ಕೈಯಲ್ಲಿ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರೇ ನವಜೀವನ ಸಮಿತಿಯಾಗಿ ಸೇರುತ್ತಾರೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಯಲ್ಲಂತೂ ಚಿಕಿತ್ಸಕರೇ ಇರುವುದಿಲ್ಲ.

ಇಂಥ ಮನೆಗಳ ಮಕ್ಕಳು ನಮ್ಮ ತರಗತಿಯಲ್ಲೂ ಇರುತ್ತಾರೆ. ಪಾಠಯೋಜನೆಯಲ್ಲಿ "ಎಲ್ಲರೂ ಅನುಭವ ಹಂಚಿಕೊಳ್ಳುವರು" ಎಂದು ಬರೆಯುವುದು ಸುಲಭ. ಚಿಕಿತ್ಸಾ ಗುಂಪಿನಲ್ಲಿ ಮಾತು ಹೊರಗೆ ಹೋಗಬಾರದೆಂಬ ಒಪ್ಪಂದವಿರುತ್ತದೆ. ಹಳ್ಳಿಯ ಎಂಟನೇ ತರಗತಿಯಲ್ಲಿ ಅಳುತ್ತಾ ಹೇಳಿದ್ದು ಸಂಜೆಯೊಳಗೆ ಓಣಿಗೆ ಮುಟ್ಟುತ್ತದೆ. ಆದ್ದರಿಂದ ಸುತ್ತಿನಲ್ಲಿ "ನಾನು ಈಗ ಹೇಳಲ್ಲ" ಎನ್ನಲು ಮೊದಲೇ ಅವಕಾಶವಿರಲಿ. ಮಗು ತಾನಾಗಿ ಏನಾದರೂ ಹೇಳಿದರೆ ಅಲ್ಲಿ ಕೆದಕದೆ, ಆಮೇಲೆ ಒಂಟಿಯಾಗಿ ಮಾತಾಡಿ ಮುಖ್ಯಶಿಕ್ಷಕರಿಗೆ ತಿಳಿಸೋಣ. ಹೆಚ್ಚಿನ ನೆರವಿಗೆ ಧಾರವಾಡದ ಡಿಮ್ಹಾನ್ಸ್ ಇದೆ, ಟೆಲಿ ಮಾನಸ್‌ನ 14416 ಉಚಿತ ಸಂಖ್ಯೆಯೂ ಇದೆ.